ಮೋಟಾರು ಅಪಘಾತವಾದೊಡನೆ ಮಾಡತಕ್ಕುದೇನು?

ಅಪಘಾತದ ಸುದ್ದಿಯನ್ನು ನಾವು ಪ್ರತಿದಿನವೂ ಬೆಳಗಿನ ಕಾಫಿಯ ಜೊತೆಯಲ್ಲಿ ಓದುತ್ತೇವೆ. ಅಯ್ಯೋ ಪಾಪ ಎಂದು ಪುಟವನ್ನು ಮಗುಚುತ್ತೇವೆ. ಅದು ಬೇರೆ ಯಾರಿಗೋ ಒದಗುವ ವಿಪತ್ತು ಎಂಬ ಭಾವನೆಯು ನಮ್ಮ ಮನಸ್ಸಿನಲ್ಲಿ ಬೇರೂರಿದೆ. ಆದಕಾರಣ, ಒಂದು ದಿನ ರಸ್ತೆಯ ನಡುವೆ ನಮ್ಮ ಕಣ್ಣೆದುರಿಗೇ, ಅಥವಾ ನಮ್ಮ ಕೈಯಿಂದಲೇ, ಅಂಥದೊಂದು ನಡೆದುಹೋದಾಗ ಓದುಬರಹ ಬಲ್ಲವರಾದ ನಾವೂ ದಿಕ್ಕುಗೆಟ್ಟು ನಿಲ್ಲುತ್ತೇವೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟರೆ ಫಲವಿಲ್ಲ. ಏನು ಮಾಡಬೇಕೆಂಬುದನ್ನು ಮೊದಲೇ ಅರಿತಿದ್ದರೆ ಮಾತ್ರ ಆ ಹೊತ್ತಿಗೆ ಕೈಕಾಲು ಆಡುತ್ತದೆ. ಆ ಅರಿವಿಗೆ ಸಹಾಯಕವಾಗಲೆಂದು ಶ್ರೋತೃಗಳ ಮುಂದೆ ಕೆಲವು ಮಾತುಗಳನ್ನು ಇಡಬಯಸುತ್ತೇವೆ.

ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗುವ ದಾರಿಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಬೆಂಗಳೂರು-ಹೊನ್ನಾವರ ರಸ್ತೆಯೆಂದು, ಸಂಕ್ಷೇಪವಾಗಿ ಬಿ. ಎಚ್. ರಸ್ತೆಯೆಂದು ಹಿಂದಿನಿಂದ ಹೆಸರು ಪಡೆದ ಈ ದಾರಿ ಈಗ 69ನೆಯ ರಾಷ್ಟ್ರೀಯ ಹೆದ್ದಾರಿ. ಎರಡು ಊರುಗಳ ನಡುವಣ ದೂರ ಸುಮಾರು 18 ಕಿಲೋಮೀಟರು. ನಗರದ ಸದ್ದು ಹಿಂದೆ ಉಳಿಯಿತು ಎನ್ನುವಷ್ಟರಲ್ಲಿ ಮಲವಗೊಪ್ಪ ಎದುರಾಗುತ್ತದೆ. ಚನ್ನಬಸವೇಶ್ವರನ ಗುಡಿಯಿರುವ ಊರು. ಮನೆಗಳು, ಅಂಗಡಿಗಳು ಹೆದ್ದಾರಿಗೆ ಮುಖಮಾಡಿವೆ. ಲಾರಿ, ಬಸ್ಸು, ಕಾರುಗಳು ದೂರದ ಪ್ರಯಾಣದ ವೇಗದಲ್ಲಿ ಬರುತ್ತವೆ. ಊರಿನ ಜನ ಅಡ್ಡರಸ್ತೆಯಿಂದ ಹಾಲಿನ ಕ್ಯಾನು ಹಿಡಿದು, ಮಕ್ಕಳನ್ನು ಹಿಂದೆ ಕೂರಿಸಿಕೊಂಡು, ಊರೊಳಗಿನ ಸಾವಧಾನದಲ್ಲಿ ಹೆದ್ದಾರಿಗೆ ಏರುತ್ತಾರೆ. ಹೀಗೆ ಎರಡು ಬಗೆಯ ವೇಗಗಳು ಕೂಡುವ ಸ್ಥಳವೇ ಅಪಘಾತದ ಸ್ಥಳ. ನಮ್ಮ ನಾಡಿನ ಹೆದ್ದಾರಿಗಳ ಅಂಚಿನಲ್ಲಿ ಇಂಥ ಮಲವಗೊಪ್ಪಗಳು ನೂರಾರು ಇವೆ.

ಕೆಲವು ವರ್ಷಗಳ ಕೆಳಗೆ, ದೀಪ ಹೊತ್ತಿಸುವ ವೇಳೆಯಲ್ಲಿ, ನಾವು ಕಾಲೇಜಿನ ಕೆಲಸ ಮುಗಿಸಿ ಭದ್ರಾವತಿಯಿಂದ ಶಿವಮೊಗ್ಗೆಗೆ ಕಾರಿನಲ್ಲಿ ಹಿಂದಿರುಗುತ್ತಿದ್ದೆವು. ಮಲವಗೊಪ್ಪದ ಬಳಿ ಅಡ್ಡರಸ್ತೆಯಿಂದ ಮಧ್ಯವಯಸ್ಸಿನ ರೈತರೊಬ್ಬರು ದ್ವಿಚಕ್ರ ವಾಹನದಲ್ಲಿ ಹೆದ್ದಾರಿಗೆ ಬಂದರು. ಅವರು ಬಲಗಡೆ ನೋಡಲಿಲ್ಲ ಎಂಬುದು ನಿಜ. ಊರಿನ ನಡುವೆ ಇರಬೇಕಾದುದಕ್ಕಿಂತ ನಮ್ಮ ವೇಗ ಹೆಚ್ಚಾಗಿತ್ತು ಎಂಬುದೂ ಅಷ್ಟೇ ನಿಜ. ಬ್ರೇಕು ಹಾಕಿದೆವು, ಆದರೂ ಕಾರಿನ ಮೂಲೆಯು ತಗುಲಿ ಅವರು ಉರುಳಿದರು. ನಾವು ಇಳಿದವರೇ ಮೊದಲು ಆಡಿದ ಮಾತು, “ನೋಡಿಕೊಂಡು ಬರಬಾರದೆ?” ಎಂಬುದು. ಈ ಮಾತನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಆ ಮನುಷ್ಯರು ತಾವಾಗಿಯೇ ಎದ್ದು ಕುಳಿತರು; ಮೊಣಕೈ ತರಚಿತ್ತು, ತಲೆಯ ಮೇಲೆ ಚಿಕ್ಕ ಬೋರೆ ಎದ್ದಿತ್ತು. ತಲೆಗೆ ಶಿರಸ್ತ್ರಾಣವಿರಲಿಲ್ಲ. ಯಾರೋ ನೀರು ಕೊಟ್ಟರು. “ಏನೂ ಆಗಿಲ್ಲ ಸ್ವಾಮಿ, ನೀವು ಹೊರಡಿ, ತಪ್ಪು ನಂದೇ” ಎಂದರು ಅವರು. ಸೇರಿದ್ದವರಲ್ಲಿ ಒಬ್ಬ ಹಿರಿಯರು, “ಮೇಷ್ಟ್ರೇ, ಒಂದ್ಸಲ ಆಸ್ಪತ್ರೆಗೆ ತೋರಿಸಿಬಿಡಿ” ಎಂದು ಎರಡು ಸಾರಿ ಹೇಳಿದರು. ನಾವು ಗಾಡಿಯ ರಿಪೇರಿಗೆಂದು ಐನೂರು ರೂಪಾಯಿ ಕೊಟ್ಟು, ಕೈಮುಗಿದು, ಮನೆಗೆ ಹೊರಟೆವು. ವಿಷಯವು ಮರ್ಯಾದೆಯಿಂದ ಮುಗಿಯಿತೆಂದು ಸಮಾಧಾನಪಟ್ಟುಕೊಂಡೆವು.

ಆ ರಾತ್ರಿ ಅವರು ವಾಂತಿ ಮಾಡಿಕೊಂಡರಂತೆ. ಬೆಳಗಿನ ಜಾವಕ್ಕೆ ಎಬ್ಬಿಸಿದರೆ ಏಳಲಿಲ್ಲವಂತೆ. ಮಿದುಳಿನ ಹೊದಿಕೆಯ ಒಳಗೆ ರಕ್ತ ಸೋರಿ ನಿಂತಿತ್ತು. ಶಸ್ತ್ರಚಿಕಿತ್ಸೆಯಾಯಿತು, ಜೀವ ಉಳಿಯಿತು. ಆದರೆ ಹಲವು ತಿಂಗಳು ಅವರಿಂದ ಕೆಲಸ ಆಗಲಿಲ್ಲ. ಪೋಲೀಸು ಠಾಣೆಯ ಭಯದಿಂದ ಮನೆಯವರು ಆಸ್ಪತ್ರೆಯಲ್ಲಿ “ಗಾಡಿಯಿಂದ ಬಿದ್ದರು” ಎಂದಷ್ಟೇ ಬರೆಸಿದ್ದರು. ನಮಗೆ ಸುದ್ದಿ ಮುಟ್ಟಿದ್ದು ಹತ್ತು ದಿನಗಳ ಮೇಲೆ. ಈ ಕಥೆಯ ಉಳಿದ ಭಾಗವನ್ನು ಕೊನೆಯಲ್ಲಿ ಹೇಳುತ್ತೇವೆ. ಅಂದು ನಾವು ಮಾಡಿದ್ದು ಒಂದು ತಪ್ಪಲ್ಲ, ಐದಾರು ತಪ್ಪುಗಳು. ಒಂದೊಂದೂ ಸೌಜನ್ಯದ ವೇಷದಲ್ಲಿತ್ತು. ಇಂದಿನ ಭಾಷಣವು ಆ ತಪ್ಪುಗಳ ವಿವರಣೆಯೇ ಎನ್ನಬಹುದು.

ಲೋಕದಲ್ಲಿ ಈ ವಿಪತ್ತು ತೀರ ಹಳೆಯದೇನಲ್ಲ. 1896ನೆಯ ಇಸವಿ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಗೃಹಿಣಿಯು ಮೋಟಾರು ಬಂಡಿಗೆ ಸಿಕ್ಕಿ ಮೃತಳಾದಳು. ಆ ಬಂಡಿಯ ವೇಗ ಇಂದಿನ ಸೈಕಲ್ಲಿನ ವೇಗಕ್ಕಿಂತ ಹೆಚ್ಚಿನದೇನಲ್ಲ. ಬ್ರಿಟನ್ನಿನಲ್ಲಿ ಪೆಟ್ರೋಲು ಬಂಡಿಗೆ ಬಲಿಯಾದ ಮೊದಲ ಪಾದಚಾರಿ ಆಕೆ. ಇಂಥದು ಮತ್ತೆಂದೂ ನಡೆಯದಿರಲಿ ಎಂದು ವಿಚಾರಣಾಧಿಕಾರಿಯು ಹಾರೈಸಿದನೆಂದು ಪ್ರತೀತಿ. ಆ ಹಾರೈಕೆ ಏನಾಯಿತೆಂಬುದನ್ನು ನಮ್ಮ ದೇಶದ ಲೆಕ್ಕವೇ ಹೇಳುತ್ತದೆ. 2022ನೆಯ ಒಂದು ವರ್ಷದಲ್ಲಿ ಭಾರತದಲ್ಲಿ 4,61,312 ರಸ್ತೆ ಅಪಘಾತಗಳು ದಾಖಲಾದವು. 1,68,491 ಮಂದಿ ಅಸುನೀಗಿದರು. ಗಾಯಗೊಂಡವರು 4,43,366 ಮಂದಿ. ಅದೇ ವರ್ಷ ನಮ್ಮ ಕರ್ನಾಟಕದಲ್ಲಿ ಮಡಿದವರು 11 ಸಾವಿರಕ್ಕೆ ಮಿಕ್ಕವರು. ಇವರಲ್ಲಿ ಕೆಲವರನ್ನು ಯಾವ ವೈದ್ಯನೂ ಉಳಿಸಲಾರ. ಆದರೆ ರಕ್ತವನ್ನು ಒತ್ತಿಹಿಡಿಯುವ ಒಂದು ಕೈ, ಉಸಿರಿಗೆ ದಾರಿ ಬಿಡಿಸುವ ಒಂದು ತಿಳಿವಳಿಕೆ ಇದ್ದಿದ್ದರೆ ಉಳಿಯುತ್ತಿದ್ದವರೂ ಅವರ ನಡುವೆ ಇದ್ದೇ ಇರುತ್ತಾರೆ.

ಅಪಘಾತವಾದೊಡನೆ ಕರ್ತವ್ಯಗಳಿಗೆ ಒಂದು ಕ್ರಮವುಂಟು. ಮೊದಲನೆಯದು ಪ್ರಾಣ, ಎರಡನೆಯದು ಕಾನೂನು, ಮೂರನೆಯದು ಸಾಕ್ಷ್ಯ, ನಾಲ್ಕನೆಯದು ಹಣ. ತಪ್ಪು ಯಾರದೆಂಬ ಚರ್ಚೆಗೆ ಈ ಪಟ್ಟಿಯಲ್ಲಿ ಸ್ಥಳವೇ ಇಲ್ಲ. ಅದನ್ನು ತೀರ್ಮಾನಿಸುವ ಜನ ಬೇರೆ, ಸ್ಥಳ ಬೇರೆ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ವಿಪರೀತ: ಮೊದಲು ಜಗಳ, ಆಮೇಲೆ ಹಣದ ಮಾತು, ಕಟ್ಟಕಡೆಗೆ ಗಾಯಾಳುವಿನ ಯೋಚನೆ.

ಮೊದಲನೆಯದಾಗಿ, ಗಾಡಿಯನ್ನು ನಿಲ್ಲಿಸತಕ್ಕದ್ದು. ನಿಲ್ಲಿಸಿ ಎಂಜಿನನ್ನು ಆರಿಸಿ, ನಾಲ್ಕು ಮೂಲೆಗಳ ಎಚ್ಚರಿಕೆಯ ದೀಪಗಳನ್ನು ಮಿನುಗಿಸಬೇಕು. ಬೀಡಿ ಸಿಗರೇಟುಗಳನ್ನು ಹೊತ್ತಿಸಲು ಯಾರಿಗೂ ಬಿಡಕೂಡದು. ಸೋರಿದ ಪೆಟ್ರೋಲಿಗೆ ಒಂದು ಕಿಡಿ ಸಾಕು. ಇಳಿಯುವ ಮುನ್ನ ಹಿಂದಿನಿಂದ ಏನು ಬರುತ್ತಿದೆಯೆಂದು ನೋಡಬೇಕು. ಒಂದು ಅಪಘಾತದ ಸ್ಥಳದಲ್ಲಿ ಎರಡನೆಯ ಅಪಘಾತವಾಗುವುದು ಅಪೂರ್ವವೇನಲ್ಲ. ಕತ್ತಲಲ್ಲಿ, ಮಳೆಯಲ್ಲಿ, ನಿಂತ ಗಾಡಿಗೆ ಮತ್ತೊಂದು ಬಂದು ಬಡಿಯುತ್ತದೆ. ಕಾರಿನಲ್ಲಿರುವ ಕೆಂಪು ತ್ರಿಕೋನ ಫಲಕವನ್ನು ಸುಮಾರು ಐವತ್ತು ಮೀಟರು ಹಿಂದೆ ಇಡಬೇಕು. ಅದಿಲ್ಲದಿದ್ದರೆ ಸೇರಿದವರಲ್ಲಿ ಇಬ್ಬರನ್ನು ರಸ್ತೆಯ ಅಂಚಿನಲ್ಲಿ, ಎರಡು ಕಡೆಗೂ, ಟಾರ್ಚು ಹಿಡಿದು ನಿಲ್ಲುವಂತೆ ಕೇಳಿಕೊಳ್ಳಬೇಕು. ನಮ್ಮ ಜನ ಸಹಾಯಕ್ಕೆ ಹಿಂಜರಿಯುವವರಲ್ಲ. ಹೆಸರು ಹಿಡಿದೋ ಬೆರಳು ತೋರಿಸಿಯೋ “ನೀವು ಇದನ್ನು ಮಾಡಿ” ಎಂದರೆ ಮಾಡುತ್ತಾರೆ. ಯಾರಾದರೂ ಮಾಡಿ ಎಂದರೆ ಯಾರೂ ಮಾಡುವುದಿಲ್ಲ.

ಅನಂತರ ಗಾಯಾಳುಗಳನ್ನು ಎಣಿಸಬೇಕು. ಕೂಗುತ್ತಿರುವವನ ಕಡೆಗೆ ಎಲ್ಲರೂ ಓಡುತ್ತಾರೆ. ಕೂಗುವವನು ಉಸಿರಾಡುತ್ತಿದ್ದಾನೆ ಎಂಬುದು ಅವನ ಕೂಗಿನಿಂದಲೇ ಸಿದ್ಧ. ಸುಮ್ಮನೆ ಬಿದ್ದಿರುವವನ ಬಳಿಗೆ ಮೊದಲು ಹೋಗಬೇಕು. ಅವನನ್ನು ಅಲುಗಿಸದೆ, ಮಾತನಾಡಿಸಿ ನೋಡಿ, ಎದೆಯು ಏರಿಳಿಯುತ್ತಿದೆಯೇ ಎಂದು ಪರೀಕ್ಷಿಸಬೇಕು. ಬಾಯಿಯಲ್ಲಿ ರಕ್ತ, ಮುರಿದ ಹಲ್ಲು ಕಣ್ಣಿಗೆ ಕಂಡರೆ ತೆಗೆದು ಗಾಳಿಗೆ ದಾರಿಮಾಡಬೇಕು. ಉಸಿರು ಇಲ್ಲವೆಂದು ಕಂಡರೆ ಎದೆಯ ನಡುವಿನ ಎಲುಬಿನ ಮೇಲೆ ಅಂಗೈಯ ಬುಡವನ್ನಿಟ್ಟು, ಮತ್ತೊಂದು ಕೈಯನ್ನು ಅದರ ಮೇಲಿಟ್ಟು, ಐದರಿಂದ ಆರು ಸೆಂಟಿಮೀಟರು ಇಳಿಯುವಂತೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತುತ್ತಿರಬೇಕು. ನೆರವು ಬರುವವರೆಗೆ ಇದನ್ನು ಬಿಡಕೂಡದು. ದಣಿದರೆ ಇನ್ನೊಬ್ಬರಿಗೆ ಒಪ್ಪಿಸಬೇಕು.

ರಕ್ತವು ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು, ಪಂಚೆಯಾಗಲಿ ವಲ್ಲಿಯಾಗಲಿ, ಮಡಿಸಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಬಟ್ಟೆ ನೆನೆದರೆ ಅದನ್ನು ಕೀಳದೆ ಮೇಲೊಂದನ್ನು ಇಟ್ಟು ಒತ್ತಬೇಕು. ಗಾಜು, ಕಬ್ಬಿಣ ಮೈಯಲ್ಲಿ ನಾಟಿದ್ದರೆ ಎಳೆದು ತೆಗೆಯಕೂಡದು; ಆ ವಸ್ತುವೇ ರಕ್ತನಾಳಕ್ಕೆ ಬಿರಡೆಯಂತೆ ನಿಂತಿರಬಹುದು. ಅದರ ಸುತ್ತಲೂ ಬಟ್ಟೆಯನ್ನು ಒತ್ತಿ ಅಲುಗದಂತೆ ಹಿಡಿದರೆ ಸಾಕು. ಬೆರಳೋ ಕೈಯೋ ತುಂಡಾಗಿದ್ದರೆ ಅದನ್ನು ಒದ್ದೆಯ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ಗಾಯಾಳುವಿನ ಸಂಗಡವೇ ಕಳುಹಿಸಬೇಕು. ತುಂಡು ನೇರವಾಗಿ ಮಂಜುಗಡ್ಡೆಗೆ ತಾಕಬಾರದು.

ಇನ್ನು ಮಾಡಬಾರದವುಗಳು. ನಮ್ಮ ಕಡೆ ಬಿದ್ದವರನ್ನು ಕಂಡೊಡನೆ ಕಂಕುಳಿಗೆ ಕೈಹಾಕಿ ಎಬ್ಬಿಸಿ ಕೂರಿಸುವುದು ದಯೆಯ ಲಕ್ಷಣವೆಂದು ನಂಬಿಕೆ. ಕುತ್ತಿಗೆಯ ಅಥವಾ ಬೆನ್ನಿನ ಎಲುಬು ಮುರಿದಿದ್ದರೆ ಈ ದಯೆಯಿಂದಲೇ ಅವನು ಜೀವಮಾನವಿಡೀ ಹಾಸಿಗೆ ಹಿಡಿಯಬಹುದು. ಬೆಂಕಿಯ ಭಯವೋ, ಗಾಡಿಗಳು ಮೇಲೆ ಹರಿಯುವ ಭಯವೋ ಇದ್ದ ಹೊರತು ಅವನನ್ನು ಇದ್ದಲ್ಲಿಯೇ ಬಿಡಬೇಕು. ಸಾಗಿಸಲೇಬೇಕಾದರೆ ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿರುವಂತೆ ನಾಲ್ಕಾರು ಜನ ಸೇರಿ, ಹಲಗೆಯನ್ನೆತ್ತುವಂತೆ ಎತ್ತಬೇಕು. ವಾಂತಿಯಾಗುತ್ತಿದ್ದರೆ ಇದೇ ರೀತಿ ಇಡೀ ಮೈಯನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಬೇಕು. ಶಿರಸ್ತ್ರಾಣ ಧರಿಸಿದ್ದವನು ಉಸಿರಾಡುತ್ತಿದ್ದರೆ ಅದನ್ನು ಕೀಳುವ ಆತುರ ಬೇಡ. ನೀರು ಕುಡಿಸುವುದು ನಮ್ಮ ಸಂಪ್ರದಾಯ. ಆದರೆ ಗಾಯಾಳುವಿಗೆ ನೀರು, ಕಾಫಿ, ಸೋಡಾ ಯಾವುದೂ ಕೂಡದು. ಎಚ್ಚರ ತಪ್ಪಿದವನಿಗೆ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಎಚ್ಚರವಿದ್ದವನಿಗೂ ಅರ್ಧಗಂಟೆಯಲ್ಲಿ ಶಸ್ತ್ರಚಿಕಿತ್ಸೆ ಬೇಕಾಗಬಹುದು. ತುಟಿ ಒಣಗಿದರೆ ಒದ್ದೆಯ ಬಟ್ಟೆಯಿಂದ ಒರಸಬಹುದು.

ಇವು ನಡೆಯುತ್ತಿರುವಾಗಲೇ ಒಬ್ಬರು ದೂರವಾಣಿ ಮಾಡುತ್ತಿರಬೇಕು. ಆಂಬುಲೆನ್ಸಿಗೆ 108, ಈ ಸೇವೆ ಕರ್ನಾಟಕದಲ್ಲಿ 2008ರ ನವೆಂಬರಿನಲ್ಲಿ ಆರಂಭವಾಯಿತು. ಪೋಲೀಸು ಮೊದಲಾದ ಎಲ್ಲ ತುರ್ತು ನೆರವಿಗೆ 112. ರಾಷ್ಟ್ರೀಯ ಹೆದ್ದಾರಿಗಳ ಮೇಲೆ 1033 ಎಂಬ ಸಂಖ್ಯೆಯೂ ಉಂಟು. ಕರೆಮಾಡುವವರು “ಬೇಗ ಬನ್ನಿ” ಎಂದು ಕೂಗಿ ಇಟ್ಟುಬಿಟ್ಟರೆ ಪ್ರಯೋಜನವಿಲ್ಲ. ಯಾವ ಊರು, ಯಾವ ರಸ್ತೆ, ಯಾವ ಕಡೆಗೆ ಹೋಗುವ ಮಗ್ಗುಲು, ಹತ್ತಿರದ ಗುರುತು ಯಾವುದು, ಗಾಯಾಳುಗಳೆಷ್ಟು, ಉಸಿರು ಇದೆಯೇ ಎಂಬುದನ್ನು ಹೇಳಬೇಕು. “ಶಿವಮೊಗ್ಗ-ಭದ್ರಾವತಿ ರಸ್ತೆ, ಮಲವಗೊಪ್ಪ, ಶಿವಮೊಗ್ಗೆಯ ಕಡೆಗೆ ಹೋಗುವ ಮಗ್ಗುಲು, ಇಬ್ಬರಿಗೆ ಪೆಟ್ಟು, ಒಬ್ಬರಿಗೆ ಎಚ್ಚರವಿಲ್ಲ” ಎಂದರೆ ಸಾಕು. ಅತ್ತ ಕಡೆಯವರು ಇಡುವವರೆಗೆ ನಾವು ಇಡಕೂಡದು.

ಪೆಟ್ಟು ಬಿದ್ದ ಮೊದಲ ಒಂದು ಗಂಟೆಯನ್ನು ವೈದ್ಯರು ಸುವರ್ಣ ಗಂಟೆಯೆನ್ನುತ್ತಾರೆ. ಈ ಮಾತನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ಆಡಮ್ಸ್ ಕೌಲೀ. ನಮ್ಮ ಮೋಟಾರು ವಾಹನಗಳ ಕಾಯ್ದೆಯೂ 2019ರ ತಿದ್ದುಪಡಿಯಲ್ಲಿ ಈ ಹೆಸರನ್ನೇ ಅಂಗೀಕರಿಸಿದೆ. ಈ ಗಂಟೆಯಲ್ಲಿ ಆಸ್ಪತ್ರೆಯ ಬಾಗಿಲಲ್ಲಿ “ಪೋಲೀಸರು ಬರಲಿ”, “ಹಣ ಕಟ್ಟಿ” ಎಂಬ ಮಾತು ಬರಬಾರದು. ತುರ್ತಿನಲ್ಲಿ ಬಂದ ಗಾಯಾಳುವಿಗೆ ವಿಧಿವಿಧಾನಗಳಿಗಾಗಿ ಕಾಯದೆ ಚಿಕಿತ್ಸೆ ಕೊಡುವುದು ಸರ್ಕಾರಿ ಖಾಸಗಿ ಎನ್ನದೆ ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ತೀರ್ಪು ನೀಡಿತು. 2025ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಯೋಜನೆಯ ಮೇರೆಗೆ, ಮೋಟಾರು ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ ನಗದು ಕಟ್ಟದೆಯೇ ಚಿಕಿತ್ಸೆ ದೊರೆಯುತ್ತದೆ. ಶಿವಮೊಗ್ಗೆಯವರಿಗೆ ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯು ಎಲ್ಲರೂ ಅರಿತ ಆಶ್ರಯ.

ಈ ಸಂದರ್ಭದಲ್ಲಿ ಒಂದು ಹೆಸರನ್ನು ನೆನೆಯಬೇಕು. 2016ನೆಯ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಹರೀಶ್ ನಂಜಪ್ಪ ಎಂಬ ತರುಣನ ದೇಹವು ಲಾರಿಗೆ ಸಿಕ್ಕಿ ಎರಡು ತುಂಡಾಯಿತು. ಆ ಸ್ಥಿತಿಯಲ್ಲಿಯೂ ಅವನು ತನ್ನ ಅಂಗಗಳನ್ನು ದಾನಮಾಡಿರೆಂದು ಕೇಳಿಕೊಂಡನು. ಅವನ ಕಣ್ಣುಗಳು ಇತರರಿಗೆ ದೃಷ್ಟಿಯಾದವು. ಮರುತಿಂಗಳೇ ಕರ್ನಾಟಕ ಸರ್ಕಾರವು ಅವನ ಹೆಸರಿನಲ್ಲಿ ಸಾಂತ್ವನ ಯೋಜನೆಯನ್ನು ಆರಂಭಿಸಿ, ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳಲ್ಲಿ 25 ಸಾವಿರ ರೂಪಾಯಿಗಳವರೆಗಿನ ಚಿಕಿತ್ಸೆಯನ್ನು ಉಚಿತವಾಗಿ ಕೊಡುವ ಏರ್ಪಾಡು ಮಾಡಿತು. ದೇಶಕ್ಕೆಲ್ಲ ಅನ್ವಯಿಸುವ ಯೋಜನೆ ಬರುವುದಕ್ಕೆ ಒಂಬತ್ತು ವರ್ಷಗಳ ಮೊದಲೇ ನಮ್ಮ ನಾಡಿನಲ್ಲಿ ಈ ಹೆಜ್ಜೆ ಬಿದ್ದಿತ್ತು.

ದಾರಿಹೋಕರಿಗೆ ಒಂದು ಮಾತು. ನಿಂತು ಸಹಾಯ ಮಾಡಿದರೆ ಕೋರ್ಟು ಕಚೇರಿ ಅಲೆಯಬೇಕಾದೀತೆಂಬ ಭಯವು ನಮ್ಮಲ್ಲಿ ಬಹುಕಾಲದಿಂದ ಇದೆ. ಆ ಭಯ ಹಿಂದೆ ನಿರಾಧಾರವೂ ಆಗಿರಲಿಲ್ಲ. ಈಗ ಕಾಲ ಬದಲಾಗಿದೆ. 2016ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪರೋಪಕಾರಿಗಳ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕವೂ ತನ್ನದೇ ಕಾಯ್ದೆಯನ್ನು ರಚಿಸಿತು. 2019ರಲ್ಲಿ ಕೇಂದ್ರದ ಕಾಯ್ದೆಗೆ 134-ಎ ಎಂಬ ಕಲಮು ಸೇರಿತು. ಇವುಗಳ ಸಾರಾಂಶವಿಷ್ಟು: ಸದುದ್ದೇಶದಿಂದ ನೆರವಾದವನ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆ ನಿಲ್ಲದು. ಹೆಸರು ವಿಳಾಸ ಹೇಳಲೇಬೇಕೆಂಬ ಬಲವಂತವಿಲ್ಲ. ಆಸ್ಪತ್ರೆಯಲ್ಲಿ ಅವನನ್ನು ತಡೆದು ನಿಲ್ಲಿಸುವಂತಿಲ್ಲ, ಹಣ ಕೇಳುವಂತಿಲ್ಲ. ತಾನಾಗಿ ಸಾಕ್ಷಿ ಹೇಳುತ್ತೇನೆಂದರೆ ಮಾತ್ರ ಅವನನ್ನು ವಿಚಾರಿಸಬಹುದು. ಆದಕಾರಣ “ನಮಗೇಕೆ ಊರ ಉಸಾಬರಿ” ಎಂದು ಮುಂದೆ ಹೋಗುವುದಕ್ಕೆ ಕಾನೂನಿನ ನೆಪವು ಈಗ ಉಳಿದಿಲ್ಲ.

ಎರಡನೆಯ ಕರ್ತವ್ಯ ಕಾನೂನಿನದು. 1988ರ ಮೋಟಾರು ವಾಹನಗಳ ಕಾಯ್ದೆಯ 134ನೆಯ ಕಲಮು ಚಾಲಕನ ಕರ್ತವ್ಯವನ್ನು ಸ್ಪಷ್ಟವಾಗಿ ಹೇಳಿದೆ. ಗಾಯಾಳುವಿಗೆ ವೈದ್ಯಕೀಯ ನೆರವು ದೊರಕಿಸುವುದು ಮೊದಲನೆಯದು. ಪೋಲೀಸು ಅಧಿಕಾರಿ ಕೇಳಿದ ವಿವರವನ್ನು ಕೊಡುವುದು, ಸ್ಥಳದಲ್ಲಿ ಅಧಿಕಾರಿ ಇಲ್ಲದಿದ್ದರೆ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೇಗೂ 24 ಗಂಟೆಗಳೊಳಗಾಗಿ ಹೋಗಿ ತಿಳಿಸುವುದು ಎರಡನೆಯದು. ವಿಮಾ ಸಂಸ್ಥೆಗೆ ಬರಹದ ಮೂಲಕ ತಿಳಿಸುವುದು ಮೂರನೆಯದು. ಇವನ್ನು ಮೀರಿದರೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಐದು ಸಾವಿರ ರೂಪಾಯಿಗಳವರೆಗಿನ ದಂಡ, ಇಲ್ಲವೆ ಎರಡೂ ಒದಗಬಹುದು. ಜನರ ಗುಂಪು ರೊಚ್ಚಿಗೆದ್ದು ಕೈಮಾಡುವ ಸಂಭವವಿದ್ದರೆ ಸ್ಥಳದಲ್ಲಿ ನಿಲ್ಲಲೇಬೇಕೆಂದು ಕಾನೂನು ಹಟಹಿಡಿದಿಲ್ಲ. ಆದರೆ ಆಗ ಹೋಗತಕ್ಕದ್ದು ಮನೆಗಲ್ಲ, ಠಾಣೆಗೆ. ಹೋಗುವ ದಾರಿಯಲ್ಲೇ 108ಕ್ಕೂ 112ಕ್ಕೂ ಕರೆಮಾಡಬೇಕು.

ಠಾಣೆಯಲ್ಲಿ ಕಂಡದ್ದನ್ನು ಕಂಡಂತೆ ಹೇಳಬೇಕು. ವೇಗ, ದೂರಗಳನ್ನು ಊಹಿಸಿ ಅಲಂಕರಿಸಿ ಹೇಳುವುದು ಬೇಡ. ಓದದೆ ಯಾವ ಕಾಗದಕ್ಕೂ ರುಜು ಹಾಕಕೂಡದು. ಖಾಲಿ ಕಾಗದಕ್ಕಂತೂ ಸರ್ವಥಾ ಕೂಡದು. ಪ್ರಥಮ ವರ್ತಮಾನ ವರದಿಯ ಪ್ರತಿಯು ದೂರುಕೊಟ್ಟವರಿಗೆ ಉಚಿತವಾಗಿ ದೊರೆಯಬೇಕಾದದ್ದು, ಕೇಳಿ ಪಡೆಯಬೇಕು. ಗಾಡಿಯನ್ನು ನಡೆಸುತ್ತಿದ್ದವನ ಬದಲು ಬೇರೊಬ್ಬನನ್ನು ಚಾಲಕನೆಂದು ತೋರಿಸುವ ಉಪಾಯವನ್ನು ಬಂಧುಗಳೋ ಸ್ನೇಹಿತರೋ ಹೇಳಿಕೊಡುವುದುಂಟು. ಇದು ಒಂದು ಆಕಸ್ಮಿಕವನ್ನು ಬುದ್ಧಿಪೂರ್ವಕವಾದ ಅಪರಾಧವನ್ನಾಗಿ ಮಾರ್ಪಡಿಸುವ ದಾರಿ.

ಮೂರನೆಯದು ಸಾಕ್ಷ್ಯ. ಗಾಯಾಳುಗಳು ಆಸ್ಪತ್ರೆಯ ದಾರಿ ಹಿಡಿದ ಮೇಲೆ, ಗಾಡಿಗಳನ್ನು ಕದಲಿಸುವ ಮುನ್ನ, ಕೈಯಲ್ಲಿರುವ ಮೊಬೈಲಿನಿಂದ ಚಿತ್ರಗಳನ್ನು ತೆಗೆಯಬೇಕು: ದೂರದಿಂದ ರಸ್ತೆಯ ನೋಟ, ಗಾಡಿಗಳು ನಿಂತ ಸ್ಥಿತಿ, ನಂಬರು ಫಲಕಗಳು, ಚಕ್ರದ ಗುರುತುಗಳು, ಚದುರಿದ ಗಾಜು, ಹತ್ತಿರದ ಅಂಗಡಿ ಅಥವಾ ಮೈಲಿಗಲ್ಲು. ಗಾಯಾಳುಗಳ ಮುಖವನ್ನು ಚಿತ್ರಿಸಿ ಊರಿಗೆಲ್ಲ ಹಂಚುವುದು ಮಾತ್ರ ಅಮಾನುಷ. ಎದುರು ಚಾಲಕನ ಹೆಸರು, ದೂರವಾಣಿ, ಲೈಸೆನ್ಸು ಮತ್ತು ವಿಮೆಯ ಸಂಖ್ಯೆ, ಕಣ್ಣಾರೆ ಕಂಡ ಒಬ್ಬಿಬ್ಬರ ಹೆಸರು, ಇವನ್ನು ಬರೆದುಕೊಳ್ಳಬೇಕು. ಅಂದೇ ರಾತ್ರಿ, ನಿದ್ರೆಗೆ ಮುಂಚೆ, ನಡೆದುದನ್ನು ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದಿಡುವುದು ಮೇಲು. ನೆನಪು ದಿನಗಳೆದಂತೆ ನಮ್ಮ ಪಕ್ಷಕ್ಕೆ ವಾಲುವ ಸಾಕ್ಷಿ.

ನಾಲ್ಕನೆಯದು ಹಣದ ವಿಷಯ. ರಸ್ತೆಗಿಳಿಯುವ ಪ್ರತಿಯೊಂದು ಮೋಟಾರು ಗಾಡಿಗೂ ಮೂರನೆಯವರ ಹಾನಿಯನ್ನು ತುಂಬಿಕೊಡುವ ವಿಮೆ ಕಡ್ಡಾಯ. ಅಪಘಾತವನ್ನು ಕೂಡಲೇ ವಿಮಾ ಸಂಸ್ಥೆಗೆ ತಿಳಿಸಬೇಕು. ಅವರ ಸರ್ವೇಯರು ನೋಡುವ ಮುನ್ನ ರಿಪೇರಿ ಮಾಡಿಸಬಾರದು. ಗಾಯಾಳುವಿನ ಕಡೆಯವರು ಚೀಟಿಗಳನ್ನೆಲ್ಲ ಜೋಪಾನ ಮಾಡಬೇಕು: ಗಾಯದ ಪ್ರಮಾಣಪತ್ರ, ಬಿಡುಗಡೆಯ ಸಾರಾಂಶ, ಔಷಧಿಯ ರಸೀದಿ, ಕೂಲಿ ಅಥವಾ ಸಂಬಳ ತಪ್ಪಿದ ಲೆಕ್ಕ. ಆಸ್ಪತ್ರೆಯಲ್ಲಿ ಪೆಟ್ಟಿನ ಕಾರಣವನ್ನು ಸತ್ಯವಾಗಿ ಬರೆಸುವುದು ಇವೆಲ್ಲಕ್ಕೂ ಅಡಿಪಾಯ. ಪರಿಹಾರಕ್ಕೆ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬೇಕು. ಅಪಘಾತ ನಡೆದ ಊರಿನಲ್ಲಿಯೇ ಹಾಕಬೇಕೆಂದಿಲ್ಲ, ತಾವು ವಾಸಿಸುವ ಊರಿನ ಮಂಡಳಿಯಲ್ಲೂ ಹಾಕಬಹುದು. ಕಾಯ್ದೆಯು ಇದಕ್ಕೆ ಆರು ತಿಂಗಳ ಅವಧಿಯನ್ನು ನಮೂದಿಸಿದೆ, ಆದಕಾರಣ ತಡಮಾಡಬಾರದು. ಯಾರ ತಪ್ಪೆಂದು ಸಾಧಿಸುವ ಗೋಜಿಲ್ಲದೆ, ಮರಣಕ್ಕೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿಗಳನ್ನು ಪಡೆಯುವ ದಾರಿಯೂ 164ನೆಯ ಕಲಮಿನಲ್ಲಿದೆ. ಗುದ್ದಿದ ಗಾಡಿಯೇ ಪತ್ತೆಯಾಗದಿದ್ದರೆ, ಮರಣಕ್ಕೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿಗಳ ಪರಿಹಾರವು ಸರ್ಕಾರದ ಯೋಜನೆಯಿಂದ ದೊರೆಯುತ್ತದೆ. ಇದನ್ನು ಅರಿಯದ ಬಡ ಕುಟುಂಬಗಳು ಎಷ್ಟೋ. ಅರಿತವರು ಹೇಳಿಕೊಟ್ಟರೆ ಅದೂ ಒಂದು ಚಿಕಿತ್ಸೆಯೇ.

ಇನ್ನು ನಾವು ಮಲವಗೊಪ್ಪದಲ್ಲಿ ಮಾಡಿದ ಬಹು ದೊಡ್ಡ ತಪ್ಪಿಗೆ ಬರೋಣ. “ಏನೂ ಆಗಿಲ್ಲ” ಎಂಬ ಗಾಯಾಳುವಿನ ಮಾತನ್ನು ನಾವು ಪ್ರಮಾಣವೆಂದು ತಿಳಿದೆವು. ಪೆಟ್ಟು ಬಿದ್ದ ಗಳಿಗೆಯಲ್ಲಿ ದೇಹವು ನೋವನ್ನು ಮರೆಮಾಚುತ್ತದೆ. ಸಂಕೋಚವು ಉಳಿದುದನ್ನು ಮರೆಮಾಚುತ್ತದೆ. ನಮ್ಮ ಹಳ್ಳಿಯ ಜನರು ಕಾರಿನವರ ಮುಂದೆ “ನನಗೆ ನೋವಾಗಿದೆ” ಎನ್ನಲು ಹಿಂಜರಿಯುತ್ತಾರೆ. ತಲೆಬುರುಡೆಯೊಳಗೆ ರಕ್ತವು ನಿಧಾನವಾಗಿ ಸೋರುತ್ತಿದ್ದರೆ ಮೊದಲ ಕೆಲವು ಗಂಟೆ ಮನುಷ್ಯನು ನಗುತ್ತ ಮಾತನಾಡಿಕೊಂಡಿರಬಹುದು. ಆಮೇಲೆ ತಲೆನೋವು ಏರುತ್ತದೆ, ವಾಂತಿಯಾಗುತ್ತದೆ, ತೂಕಡಿಕೆ ಬರುತ್ತದೆ, ಮಾತು ತೊದಲುತ್ತದೆ, ಒಂದು ಕಣ್ಣಿನ ಪಾಪೆ ಮತ್ತೊಂದಕ್ಕಿಂತ ದೊಡ್ಡದಾಗಿ ತೋರುತ್ತದೆ. ಕಿವಿ ಮೂಗುಗಳಿಂದ ನೀರಿನಂಥ ದ್ರವ ಇಳಿಯುವುದೂ ಉಂಟು. ಇವುಗಳಲ್ಲಿ ಒಂದು ಕಂಡರೂ ಒಂದು ನಿಮಿಷವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು. ಹೊಟ್ಟೆಯ ಪೆಟ್ಟೂ ಹೀಗೆಯೇ. ಗುಲ್ಮವೋ ಯಕೃತ್ತೋ ಬಿರಿದಿದ್ದರೆ ಹೊರಗೆ ಒಂದು ತೊಟ್ಟು ರಕ್ತವೂ ಕಾಣದು. ತಲೆಗೆ ಪೆಟ್ಟು ಬಿದ್ದವರನ್ನು, ಅವರು ಬೇಡವೆಂದರೂ, ವೈದ್ಯರಿಗೆ ಒಮ್ಮೆ ತೋರಿಸಲೇಬೇಕು. ಮೊದಲ ರಾತ್ರಿ ಒಬ್ಬಂಟಿಯಾಗಿ ಮಲಗಲು ಬಿಡಕೂಡದು. ಅಂದು ಆ ಹಿರಿಯರು ಎರಡು ಸಾರಿ ಹೇಳಿದ ಮಾತಿನಲ್ಲಿ ಈ ಶಾಸ್ತ್ರವೆಲ್ಲ ಅಡಗಿತ್ತು. ಪದವಿ ಪಡೆದಿದ್ದ ನಾವು ಅದನ್ನು ಕೇಳಲಿಲ್ಲ.

ನಾವು ಕೊಟ್ಟ ಐನೂರು ರೂಪಾಯಿಯೂ ಅಂಥದೇ ತಪ್ಪು. ಸ್ಥಳದಲ್ಲೇ ರಾಜಿಮಾಡಿಕೊಳ್ಳುವುದು ದೊಡ್ಡತನವೆಂದು ತೋರುತ್ತದೆ. ವಾಸ್ತವವಾಗಿ ಅದು ಗಾಯಾಳುವಿಗೆ ಮುಂದೆ ಸಲ್ಲಬೇಕಾದ ಪರಿಹಾರದ ಬಾಗಿಲನ್ನು ನಮ್ಮ ಕೈಯಿಂದಲೇ ಎಳೆದುಕೊಂಡಂತೆ. ವಿಮೆಯು ಇರುವುದು ಆ ಕುಟುಂಬಕ್ಕಾಗಿ. ದೂರು ಇಲ್ಲ, ದಾಖಲೆ ಇಲ್ಲ, ಸ್ಥಳದ ಚಿತ್ರವಿಲ್ಲ ಎಂದ ಮೇಲೆ ವಿಮೆಯವರು ಯಾವುದನ್ನು ಆಧರಿಸಿ ಕೊಟ್ಟಾರು?

ಸುದ್ದಿ ತಿಳಿದ ದಿನವೇ ನಾವು ಆಸ್ಪತ್ರೆಗೆ ಹೋದೆವು. ಅವರ ಪತ್ನಿ ನಮ್ಮನ್ನು ಬೈಯಲಿಲ್ಲ. “ಅವತ್ತೇ ಕರ್ಕೊಂಡು ಹೋಗಿದ್ರೆ ಇಷ್ಟು ಆಗ್ತಿರ್ಲಿಲ್ವೇನೋ ಸ್ವಾಮಿ” ಎಂದಷ್ಟೇ ಅಂದರು. ಮರುದಿನ ವಕೀಲ ಮಿತ್ರರೊಡನೆ ಠಾಣೆಗೆ ಹೋಗಿ ನಡೆದುದನ್ನೆಲ್ಲ ಬರೆದುಕೊಟ್ಟೆವು. ತಡವಾಗಿ ತಿಳಿಸಿದ್ದೇಕೆಂದು ಠಾಣೆಯಲ್ಲಿಯೂ ಕೇಳಿದರು, ವಿಮೆಯವರೂ ಕೇಳಿದರು, ಕೇಳಿದ್ದು ನ್ಯಾಯವೇ. ಮೊಕದ್ದಮೆ ನಡೆಯಿತು, ದಂಡ ತೆತ್ತೆವು. ಆ ಕುಟುಂಬದ ಪರಿಹಾರವು ಬಹುಕಾಲದ ಮೇಲೆ ಲೋಕ ಅದಾಲತ್ತಿನಲ್ಲಿ ಇತ್ಯರ್ಥವಾಯಿತು. ಅಷ್ಟರಲ್ಲಿ ಅವರು ಒಂದು ಎಕರೆ ಅಡಿಕೆ ತೋಟವನ್ನು ಭೋಗ್ಯಕ್ಕೆ ಹಾಕಿದ್ದರು. ಮೊದಲ ದಿನವೇ ನಾವು ಠಾಣೆಗೆ ಹೋಗಿದ್ದರೆ ಆ ತೋಟ ಅವರ ಕೈಯಲ್ಲೇ ಉಳಿಯುತ್ತಿತ್ತೆಂದು ನಮ್ಮ ಮನಸ್ಸು ಹೇಳುತ್ತದೆ.

ಕೊನೆಯದಾಗಿ, ಸಿದ್ಧತೆಯ ಮಾತು. ಕಾರಿನಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಎರಡು ಶುಭ್ರ ಪಂಚೆ, ಒಂದು ಟಾರ್ಚು, ತ್ರಿಕೋನ ಫಲಕ, ಒಂದು ಸಣ್ಣ ಪುಸ್ತಕ ಮತ್ತು ಸೀಸದಕಡ್ಡಿ ಇರಲಿ. ಲೈಸೆನ್ಸು, ವಿಮೆಗಳ ಅವಧಿ ಮುಗಿದಿಲ್ಲವೆಂದು ಆಗಾಗ ನೋಡಿಕೊಳ್ಳಿ. ಮನೆಯವರ ರಕ್ತದ ಗುಂಪನ್ನೂ ತುರ್ತಿಗೆ ಕರೆಯಬೇಕಾದವರ ಸಂಖ್ಯೆಯನ್ನೂ ಎಲ್ಲರಿಗೂ ಕಾಣುವಂತೆ ಬರೆದಿಡಿ. ಎದೆಯನ್ನು ಒತ್ತುವ ಕ್ರಮವನ್ನು ಬಲ್ಲವರಿಂದ ಒಮ್ಮೆ ಅಭ್ಯಾಸಮಾಡಿ ಕಲಿಯಿರಿ. ಕೇಳಿ ತಿಳಿದದ್ದಕ್ಕೂ ಕೈಯಿಂದ ಕಲಿತದ್ದಕ್ಕೂ ಬಹಳ ಅಂತರವಿದೆ. ಊರಿನ ನಡುವೆ ಹೆದ್ದಾರಿ ಹಾದುಹೋಗುವಲ್ಲಿ ವೇಗವನ್ನು ತಗ್ಗಿಸಿ.

ಈಗಲೂ ವಾರಕ್ಕೆ ಹಲವು ಸಲ ನಾವು ಆ ದಾರಿಯಲ್ಲಿ ಹೋಗುತ್ತೇವೆ. ಮಲವಗೊಪ್ಪ ಬಂದೊಡನೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಆ ರೈತರು ಕೆಲವೊಮ್ಮೆ ಅಂಗಡಿಯ ಜಗಲಿಯಲ್ಲಿ ಕುಳಿತಿರುತ್ತಾರೆ. ನಮ್ಮನ್ನು ಕಂಡರೆ ಕೈಯೆತ್ತುತ್ತಾರೆ, ಚಹಾಕ್ಕೆ ಕರೆಯುತ್ತಾರೆ. ಅವರ ಎಡಗೈ ಇನ್ನೂ ಸ್ವಲ್ಪ ನಡುಗುತ್ತದೆ. ಶ್ರೋತೃಗಳಲ್ಲಿ ಯಾರಿಗೂ ಇಂಥ ಸಂಜೆ ಬಾರದಿರಲಿ. ಬಂದರೆ, ಗುಂಪಿನಲ್ಲಿ ನಿಂತು “ಒಂದ್ಸಲ ಆಸ್ಪತ್ರೆಗೆ ತೋರಿಸಿಬಿಡಿ” ಎನ್ನುವ ಹಿರಿಯರ ಮಾತನ್ನು ಮೊದಲನೆಯ ಸಾರಿಗೇ ಕೇಳುವ ವಿವೇಕ ನಿಮಗಿರಲಿ.